ಹೈಫಾದ ಕಲ್ಲು, ನಮ್ಮೂರಿನ ಕಲ್ಲು

ಕಾಳಗದಲ್ಲಿ ಮಡಿದವನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸುವ ವಿದ್ಯೆಯನ್ನು ಕನ್ನಡನಾಡು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ. ನಮ್ಮ ಮಲೆನಾಡಿನಲ್ಲಿ, ಅದರಲ್ಲೂ ತುಂಗಾ ತೀರದ ಹಳೆಯ ಊರುಗಳಲ್ಲಿ, ವೀರಗಲ್ಲು ಕಾಣಸಿಗುವುದು ದೊಡ್ಡ ವಿಷಯವೇ ಅಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ವೀರನನ್ನು ಕರೆದೊಯ್ಯುತ್ತಿರುವ ಅಪ್ಸರೆಯರು, ಮೇಲಿನದರಲ್ಲಿ ಶಿವಸನ್ನಿಧಿ. ಪಟ್ಟಿಕೆಗಳ ನಡುವಿನ ಅಂಚಿನಲ್ಲಿ, ಬರೆಹವಿದ್ದರೆ, ಯಾವ ಅರಸನ ಕಾಲ, ಯಾವ ಊರು, ಯಾರ ಮಗ, ಯಾವ ಕಾರಣಕ್ಕೆ ಸತ್ತನೆಂಬ ವಿವರ. ಕಾರಣಗಳು ಬಹುಮಟ್ಟಿಗೆ ಊರಿನವೇ: ತುರುಗಳನ್ನು ಹೊಡೆದುಕೊಂಡು ಹೋದವರನ್ನು ಅಟ್ಟಿಸಿಕೊಂಡು ಹೋದದ್ದು, ಊರಿಗೆ ಬಿದ್ದ ದಾಳಿಯನ್ನು ತಡೆದದ್ದು, ಹೆಣ್ಣುಮಕ್ಕಳ ಮಾನ ಉಳಿಸಿದ್ದು. ಎಷ್ಟೋ ಕಡೆ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟ ಮಾತೂ ಇರುತ್ತದೆ. ಬಿ.ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವನ್ನು, ಅಂದರೆ ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು, 1901ರಲ್ಲಿ ಪ್ರಕಟಿಸಿದರು. ನಮ್ಮ ಕೊಪ್ಪ ತಾಲ್ಲೂಕಿನ ಶಾಸನಗಳಿರುವುದು ಅದರಲ್ಲಿಯೇ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಎರಡು ಮಹಾಯುದ್ಧಗಳಲ್ಲಿ ಮಡಿದವರಿಗಾಗಿ ಯುರೋಪಿನ ಊರೂರುಗಳಲ್ಲಿ ನಿಲ್ಲಿಸಿರುವ ಸ್ಮಾರಕಗಳ ವಿಷಯ ಓದುವಾಗಲೆಲ್ಲ ನಮ್ಮವರು ಅದನ್ನೊಂದು ಪರದೇಶದ ಆಚಾರವೆಂಬಂತೆ ನೋಡುತ್ತಾರೆ. ಫ್ರಾನ್ಸಿನಲ್ಲಿ ಅಂಥ ಸ್ಮಾರಕವಿಲ್ಲದ ಹಳ್ಳಿ ಅಪರೂಪ. ಇಂಗ್ಲೆಂಡಿನಲ್ಲಿ ಚರ್ಚಿನ ಅಂಗಳದಲ್ಲೋ ಪೇಟೆಯ ಚೌಕದಲ್ಲೋ ಒಂದು ಕಂಬ. ಅದರ ಮೇಲೆ 1914ರಿಂದ 1918ರವರೆಗಿನ ಹೆಸರುಗಳ ಉದ್ದನೆಯ ಪಟ್ಟಿ. ಅದರ ಕೆಳಗೆ, ಉಳಿದ ಜಾಗದಲ್ಲಿ, 1939ರಿಂದ 1945ರವರೆಗಿನ ಇನ್ನೊಂದು ಪಟ್ಟಿ. ಒಂದೇ ಮನೆತನದ ಹೆಸರು ಎರಡರಲ್ಲಿಯೂ ಕಾಣಸಿಗುವುದುಂಟು. ಮೊದಲನೆಯ ಪಟ್ಟಿ ಕೆತ್ತಿದವನು ಎರಡನೆಯದಕ್ಕೆಂದು ಜಾಗ ಬಿಟ್ಟಿರಲಿಲ್ಲ. ಆ ಕಂಬಕ್ಕೂ ನಮ್ಮ ವೀರಗಲ್ಲಿಗೂ ನನಗೇನೂ ದೊಡ್ಡ ಅಂತರ ಕಾಣುವುದಿಲ್ಲ. ಆದರೆ ಹತ್ತನೆಯ ಶತಮಾನದಲ್ಲಿ ಹಸುಗಳಿಗಾಗಿ ಸತ್ತವನ ಹೆಸರನ್ನು ಉಳಿಸಿಕೊಂಡ ನಾಡು, ಇಪ್ಪತ್ತನೆಯ ಶತಮಾನದಲ್ಲಿ ಸಮುದ್ರದಾಚೆ ಸತ್ತವರ ಹೆಸರುಗಳನ್ನು ಎಲ್ಲಿ ಬರೆಯಿತು?

ಮೈಸೂರು ಸಂಸ್ಥಾನದ ಮಟ್ಟಿಗೆ ಇದಕ್ಕೆ ಉತ್ತರವುಂಟು. 1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಮಹಾರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಸರ್ ಎಂ. ವಿಶ್ವೇಶ್ವರಯ್ಯನವರು. ಸಂಸ್ಥಾನದಿಂದ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಹೋಯಿತು. ಅಂದಿನ 50 ಲಕ್ಷವೆಂದರೆ ಎಷ್ಟೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಹಣದೊಂದಿಗೆ ಮೈಸೂರು ಲ್ಯಾನ್ಸರ್ಸ್ ಎಂಬ ಅಶ್ವದಳವೂ ಹೊರಟಿತು. ಭರ್ಜಿ ಹಿಡಿದ ಸವಾರರ ಪಡೆ ಅದು. 1914ರ ಅಕ್ಟೋಬರಿನಲ್ಲಿ ಬೆಂಗಳೂರು ಬಿಟ್ಟು, ಬೊಂಬಾಯಿಯಲ್ಲಿ ಹಡಗು ಹತ್ತಿ, ಈಜಿಪ್ಟ್ ತಲುಪಿತು. ಹೈದರಾಬಾದು, ಜೋಧಪುರಗಳ ಸವಾರರೊಡನೆ ಸೇರಿ ಇದು 15ನೆಯ ಇಂಪೀರಿಯಲ್ ಸರ್ವೀಸ್ ಅಶ್ವಬ್ರಿಗೇಡ್ ಎನಿಸಿಕೊಂಡಿತು. ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಆಮೇಲೆ ಸಿನಾಯ್ ಮರುಭೂಮಿ, ಗಾಜಾ, ಪ್ಯಾಲೆಸ್ಟೈನ್. ಕರ್ನಲ್ ಬಿ. ಚಾಮರಾಜ ಅರಸರ ಹೆಸರು ಈ ದಳದ ಚರಿತ್ರೆಯೊಡನೆ ಬೆರೆತುಹೋಗಿದೆ.

ಹೈಫಾ ಕಾಳಗ ನಡೆದದ್ದು 1918ರ ಸೆಪ್ಟೆಂಬರ್ 23ರಂದು. ಒಂದು ಕಡೆ ಕಾರ್ಮೆಲ್ ಬೆಟ್ಟದ ಇಳಿಜಾರು, ಇನ್ನೊಂದು ಕಡೆ ಕಿಷೋನ್ ನದಿಯ ಕೆಸರು. ಊರಿಗೆ ಹೋಗುವ ದಾರಿ ಇವೆರಡರ ನಡುವಿನ ಕಿರಿದಾದ ಓಣಿ. ಬೆಟ್ಟದ ಮೇಲೆ ತುರ್ಕರ ಫಿರಂಗಿಗಳೂ ಮೆಷಿನ್ ಗನ್ನುಗಳೂ ಇದ್ದವು. ನಮ್ಮ ಮೈಸೂರು ದಳದ ಒಂದು ತುಕಡಿಯನ್ನು ಬೆಟ್ಟ ಹತ್ತಿ ಆ ಫಿರಂಗಿಗಳನ್ನು ಅಡಗಿಸಲು ಕಳುಹಿಸಿದರು. ಆಗುಂಬೆಯ ಘಾಟಿ ನೋಡಿದವರಿಗೆ ಕುದುರೆ ಹತ್ತಿಸಿಕೊಂಡು ಕಡಿದಾದ ಕಾಲುದಾರಿಯಲ್ಲಿ ಹೋಗುವುದೆಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದೂ ಮೇಲಿನಿಂದ ಗುಂಡು ಬೀಳುತ್ತಿರುವಾಗ. ಮಧ್ಯಾಹ್ನ ಎರಡರ ಸುಮಾರಿಗೆ ಜೋಧಪುರದ ಸವಾರರು ಕೆಳಗಿನ ಬಯಲಿನಲ್ಲಿ ನುಗ್ಗಿದರು. ನದಿಯ ಉಸುಬಿನಲ್ಲಿ ಕುದುರೆಗಳು ಹೂತುಹೋಗತೊಡಗಿದಾಗ ಎಡಕ್ಕೆ ತಿರುಗಿ ಬೆಟ್ಟದ ಬುಡದಿಂದ ದಾರಿ ಮಾಡಿಕೊಂಡರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿ ಬಿದ್ದರು. ಅವರ ಹಿಂದೆಯೇ ಮೈಸೂರಿನ ಉಳಿದ ಸವಾರರು ಊರೊಳಕ್ಕೆ ನುಗ್ಗಿದರು. ಸಂಜೆಯೊಳಗೆ ಹೈಫಾ ಕೈವಶವಾಗಿತ್ತು. ಸೆರೆಸಿಕ್ಕವರು 1,350 ಮಂದಿ. ಹಿಡಿದ ಫಿರಂಗಿಗಳು 17, ಮೆಷಿನ್ ಗನ್ನುಗಳು 11. ನಮ್ಮ ಬ್ರಿಗೇಡಿನ ಕಡೆ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83.

ಕುದುರೆಗಳ ಲೆಕ್ಕವನ್ನು ಬೇಕೆಂದೇ ಕೊಟ್ಟಿದ್ದೇನೆ. ಮದ್ದೂರಿನ ಬಳಿಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನದಲ್ಲಿ ಮಣಲೇರನೆಂಬ ವೀರ, ಕಾಡುಹಂದಿಯೊಡನೆ ಹೋರಾಡಿ ಸತ್ತ ತನ್ನ ‘ಕಾಳಿ’ ಎಂಬ ನಾಯಿಗೆ ಕಲ್ಲು ನಿಲ್ಲಿಸಿದ್ದಾನೆ. ನಾಯಿಗೂ ಹೆಸರಿಟ್ಟು ಕಲ್ಲಿನಲ್ಲಿ ಉಳಿಸಿದ ನಾಡಿನಿಂದ ಹೋದ ಕುದುರೆಗಳವು.

ಹೈಫಾದ ನಂತರವೂ ಮೈಸೂರು ದಳಕ್ಕೆ ವಿಶ್ರಾಂತಿ ಸಿಗಲಿಲ್ಲ. ಅಕ್ಟೋಬರ್ 26ರಂದು ಅಲೆಪ್ಪೊದ ಉತ್ತರಕ್ಕಿರುವ ಹರಿತಾನ್ ಎಂಬಲ್ಲಿ ಮೈಸೂರು, ಜೋಧಪುರ ಸವಾರರು ಮತ್ತೊಮ್ಮೆ ನುಗ್ಗಿದರು. ಅಕ್ಟೋಬರ್ 30ರಂದು ತುರ್ಕಿಯೊಡನೆ ಕದನವಿರಾಮಕ್ಕೆ ಸಹಿಯಾಯಿತು. ನಾಲ್ಕೇ ದಿನಗಳ ಅಂತರ. ಹರಿತಾನಿನಲ್ಲಿ ಸತ್ತವರ ಮನೆಗಳಲ್ಲಿ ಈ ನಾಲ್ಕು ದಿನಗಳ ಲೆಕ್ಕವನ್ನು ಎಷ್ಟು ಸಲ ಹಾಕಿರಬಹುದು ಎಂದು ಯೋಚಿಸಿದರೆ ಮನಸ್ಸು ಭಾರವಾಗುತ್ತದೆ.

ಇವರಿಗೆ ಸ್ಮಾರಕಗಳು ಆದವು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಅದರ ಮೇಲೆ ಮಡಿದವರ ಹೆಸರುಗಳಿವೆ. ಮಲೆನಾಡಿನಿಂದ ಬೆಂಗಳೂರಿಗೆ ಹೋಗುವವರು ನೋಡಬೇಕಾದ ಜಾಗಗಳಲ್ಲಿ ಇದನ್ನೂ ಸೇರಿಸಿಕೊಳ್ಳಬೇಕೆಂದು ನಾನು ಹೇಳುತ್ತಲೇ ಬಂದಿದ್ದೇನೆ. ದೆಹಲಿಯ ತೀನ್ ಮೂರ್ತಿಯನ್ನು ಎಲ್ಲರೂ ಬಲ್ಲರು; ಆದರೆ ಅದು ನೆಹರೂ ಅವರ ಮನೆಯ ಹೆಸರೆಂದಷ್ಟೇ ಬಲ್ಲರು. 1922ರಲ್ಲಿ ನಿಂತ, ಲೆನಾರ್ಡ್ ಜೆನ್ನಿಂಗ್ಸ್ ಎಂಬ ಶಿಲ್ಪಿಯ ಆ ಮೂರು ಕಂಚಿನ ಮೂರ್ತಿಗಳು ಮೈಸೂರು, ಹೈದರಾಬಾದು, ಜೋಧಪುರಗಳ ಸವಾರರವು. ಮೂವರಲ್ಲಿ ಒಬ್ಬ ನಮ್ಮವನು. 2018ರ ಜನವರಿಯಲ್ಲಿ ಆ ಚೌಕಕ್ಕೆ ಹೈಫಾದ ಹೆಸರನ್ನೂ ಜೋಡಿಸಿದರು. ಲ್ಯಾನ್ಸರ್ಸ್ ದಳ 1953ರಲ್ಲಿ ಭಾರತೀಯ ಸೇನೆಯ ಹೊಸ ಅಶ್ವದಳದಲ್ಲಿ, ಈಗಿನ 61ನೆಯ ಕ್ಯಾವಲ್ರಿಯಲ್ಲಿ, ಸೇರಿಹೋಯಿತು. ಅವರು ಸೆಪ್ಟೆಂಬರ್ 23ನ್ನು ಹೈಫಾ ದಿನವೆಂದು ಆಚರಿಸುತ್ತಾರೆ. ಹೈಫಾ ನಗರದಲ್ಲಿಯೂ ಭಾರತೀಯ ಯೋಧರ ಸಮಾಧಿಸ್ಥಳವಿದೆ.

ತರಗತಿಯಲ್ಲಿ ಮೊದಲನೆಯ ಮಹಾಯುದ್ಧದ ಪಾಠ ಮಾಡುವಾಗ ಕರಿಹಲಗೆಯ ಮೇಲೆ ಪ್ಯಾಲೆಸ್ಟೈನಿನ ನಕ್ಷೆ ಬರೆದು ಹೈಫಾವನ್ನು ತೋರಿಸುವುದು ನನ್ನ ರೂಢಿಯಾಗಿತ್ತು. ಪಠ್ಯಪುಸ್ತಕದಲ್ಲಿ ಸೆರಾಯೆವೊ ಇತ್ತು, ವರ್ಸೇಲ್ಸ್ ಇತ್ತು, ಮೈಸೂರು ಇರಲಿಲ್ಲ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಅವರ ಹೆಸರು ಬೆಂಗಳೂರಲ್ಲಿ ಬರ್ದಿದಾರೆ ಅಂದ್ರಿ. ಅವರ ಊರಲ್ಲಿ ಬರೀಲಿಲ್ವಾ?” ಎಂದು ಕೇಳಿದ. ಪರೀಕ್ಷೆಯಲ್ಲಿ ಅಂಕ ತರುವ ಪ್ರಶ್ನೆಯಲ್ಲ ಅದು. ಆದರೆ ಆ ಪಾಠಕ್ಕೆ ಬಂದ ಪ್ರಶ್ನೆಗಳಲ್ಲೆಲ್ಲ ಅದೇ ಸರಿಯಾದದ್ದೆಂದು ನಾನು ಇಂದಿಗೂ ಭಾವಿಸಿದ್ದೇನೆ.

ಊರುಗಳಲ್ಲಿ ಬರೆದದ್ದೂ ಉಂಟು. ಅಂದಿನ ಮದ್ರಾಸು ಪ್ರಾಂತ್ಯದ ಎಷ್ಟೋ ಊರುಗಳಲ್ಲಿ ಯುದ್ಧ ಮುಗಿದ ಮೇಲೆ ಸರ್ಕಾರ ಚಿಕ್ಕ ಕಲ್ಲುಹಲಗೆಗಳನ್ನು ಹಾಕಿಸಿತು. ಈ ಗ್ರಾಮದಿಂದ ಮಹಾಯುದ್ಧಕ್ಕೆ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಪ್ರಾಣ ಕೊಟ್ಟರು ಎಂಬಷ್ಟೇ ಬರೆಹ. ಸಂಖ್ಯೆಯುಂಟು, ಹೆಸರಿಲ್ಲ. ಇದನ್ನು ಸ್ಮರಣೆಯೆನ್ನಲು ನನಗೆ ಮನಸ್ಸು ಬಾರದು. ಇದು ಜಮಾಬಂದಿಯ ಲೆಕ್ಕ. ಇಂಗ್ಲೆಂಡಿನ ಹಳ್ಳಿಯಲ್ಲಿ ಹೆಸರು, ಇಂಡಿಯಾದ ಹಳ್ಳಿಯಲ್ಲಿ ಅಂಕಿ. ಈ ತಾರತಮ್ಯ ನನ್ನ ಕಲ್ಪನೆಯಲ್ಲ. ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ತಾನೇ ನೇಮಿಸಿದ ಸಮಿತಿ 2021ರ ಏಪ್ರಿಲಿನಲ್ಲಿ ಕೊಟ್ಟ ವರದಿಯಲ್ಲಿ ಇದನ್ನು ಒಪ್ಪಿಕೊಂಡಿದೆ. ಮೊದಲನೆಯ ಯುದ್ಧದಲ್ಲಿ ಮಡಿದ ಏಷ್ಯಾ, ಆಫ್ರಿಕಾಗಳ 45 ಸಾವಿರದಿಂದ 54 ಸಾವಿರ ಮಂದಿಯನ್ನು ಸಮಾನವಾಗಿ ಸ್ಮರಿಸಿಲ್ಲ. ಇನ್ನೂ ಕನಿಷ್ಠ 1 ಲಕ್ಷ 16 ಸಾವಿರ ಮಂದಿಗೆ ಹೆಸರಿನ ಸ್ಮರಣೆಯೇ ಇಲ್ಲ ಎಂದು ಅದರಲ್ಲಿದೆ. ಹೆಸರು ಬರೆದ ಕಲ್ಲಿಗೂ ಕೆಲವೊಮ್ಮೆ ದುರ್ಗತಿ ತಪ್ಪಲಿಲ್ಲ. ಈಜಿಪ್ಟ್, ಪ್ಯಾಲೆಸ್ಟೈನುಗಳಲ್ಲಿ ಸತ್ತು ಸಮಾಧಿಯಿಲ್ಲದೆ ಹೋದ ಭಾರತೀಯರಿಗಾಗಿ ಸೂಯೆಜ್ ಬಳಿಯ ಪೋರ್ಟ್ ತೌಫೀಕಿನಲ್ಲಿ 1926ರಲ್ಲಿ ಕಟ್ಟಿದ ಸ್ಮಾರಕ, ಇಸ್ರೇಲ್ ಮತ್ತು ಈಜಿಪ್ಟ್ ನಡುವಿನ ಯುದ್ಧಗಳ ಗುಂಡಿಗೆ ಸಿಕ್ಕಿ ಹಾಳಾಯಿತು. ಕೈರೋದ ಹೀಲಿಯೊಪೊಲಿಸ್ ಸಮಾಧಿಸ್ಥಳದಲ್ಲಿ 1980ರಲ್ಲಿ ಬೇರೊಂದನ್ನು ನಿಲ್ಲಿಸಬೇಕಾಯಿತು.

ಎರಡನೆಯ ಯುದ್ಧದ ಕತೆ ಇನ್ನೂ ಮಬ್ಬಿನದು. ಮೈಸೂರಿನ ಒಂದನೆಯ ಪದಾತಿದಳ ಸಿಂಗಾಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀಯರಿಗೆ ಶರಣಾದಾಗ 40 ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸೆರೆಯಾದರು, ಮೈಸೂರಿನವರೂ ಅವರಲ್ಲಿದ್ದರು. ಸೆರೆಯಾದವರಲ್ಲಿ ಕೆಲವರು ಆಜಾದ್ ಹಿಂದ್ ಸೇನೆ ಸೇರಿದರು, ಕೆಲವರು ಸೇರಲಿಲ್ಲ, ಹಲವರು ಹಸಿವು ಕಾಯಿಲೆಗಳಿಂದ ಸತ್ತರು. ಮನೆಯವರಿಗೆ ಮೂರೂವರೆ ವರ್ಷಗಳ ಕಾಲ ಇದ್ದದ್ದು ಬರಿಯ ಕಾಯುವಿಕೆ. ಸಿಂಗಾಪುರದ ಕ್ರಾಂಜಿಯಲ್ಲಿ 1957ರಲ್ಲಿ ಅನಾವರಣಗೊಂಡ ಸ್ಮಾರಕದ ಗೋಡೆಗಳ ಮೇಲೆ ಸಮಾಧಿ ಕಾಣದೆ ಹೋದ 24 ಸಾವಿರಕ್ಕೂ ಹೆಚ್ಚು ಮಂದಿಯ ಹೆಸರುಗಳಿವೆ. ಅವುಗಳಲ್ಲಿ ಭಾರತೀಯ ಹೆಸರುಗಳು ಸಾಲುಸಾಲಾಗಿವೆ. ಯುದ್ಧ ಮುಗಿದ ಎರಡೇ ವರ್ಷಕ್ಕೆ ಸ್ವಾತಂತ್ರ್ಯ ಬಂತು. ಬ್ರಿಟಿಷರ ಪರವಾಗಿ ಹೋಗಿ ಸತ್ತವರನ್ನು ಕುರಿತು ಮಾತನಾಡಲು ಆಗ ಯಾರಿಗೂ ಉತ್ಸಾಹವಿರಲಿಲ್ಲ.

ಈ ಆಕ್ಷೇಪವನ್ನು ಇಂದಿಗೂ ಕೇಳುತ್ತೇನೆ. ಸಂಬಳಕ್ಕೆ ಹೋದವರು, ಪರರ ಸಾಮ್ರಾಜ್ಯಕ್ಕಾಗಿ ಸತ್ತವರು, ಅವರಿಗೇಕೆ ಕಲ್ಲು ಎಂಬುದು ವಾದ. ನನ್ನ ಅಭಿಪ್ರಾಯ ಬೇರೆ. ನಾವು ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುವ ವೀರಗಲ್ಲುಗಳಲ್ಲಿ ಎಷ್ಟು ಮಂದಿ ಧರ್ಮಯುದ್ಧದಲ್ಲಿ ಸತ್ತವರು? ಇಬ್ಬರು ಸಾಮಂತರ ಜಗಳದಲ್ಲಿ, ಒಡೆಯನ ಉಪ್ಪಿನ ಋಣಕ್ಕೆಂದು ಸತ್ತವರೂ ಅಲ್ಲಿದ್ದಾರೆ. ಶಾಸನ ಬರೆದವನು ಯುದ್ಧದ ನ್ಯಾಯಾನ್ಯಾಯವನ್ನು ತೂಗಲಿಲ್ಲ. ಸತ್ತವನು ಯಾರ ಮಗನೆಂದು ಬರೆದ. ಹೈಫಾದ ಇಳಿಜಾರಿನಲ್ಲಿ ಬಿದ್ದವನಿಗೂ ತಂದೆಯ ಹೆಸರೊಂದಿತ್ತು, ಊರೊಂದಿತ್ತು. ಸಾಮ್ರಾಜ್ಯವನ್ನು ಹೊಗಳದೆಯೂ ಅಷ್ಟನ್ನು ಬರೆಯಬಹುದು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊರಿನ ಯುದ್ಧಮೃತರೆಂದರೆ ಸಮವಸ್ತ್ರ ತೊಟ್ಟವರು ಮಾತ್ರವೇ? 1918ರ ಬೇಸಿಗೆಯಲ್ಲಿ ಬೊಂಬಾಯಿಯ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ, ಸೈನಿಕರ ಹಡಗು ರೈಲುಗಳ ದಾರಿ ಹಿಡಿದು ದೇಶವೆಲ್ಲ ಹರಡಿತು. ಅದರ ಎರಡನೆಯ, ಭೀಕರವಾದ ಅಲೆ ಎದ್ದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ, ಅಂದರೆ ನಮ್ಮ ಸವಾರರು ಹೈಫಾದಲ್ಲಿದ್ದಾಗ. ಆ ಜ್ವರದಲ್ಲಿ ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಮೀರಿ. ಮೊದಲನೆಯ ಯುದ್ಧದಲ್ಲಿ ಮಡಿದ ಭಾರತೀಯ ಸೈನಿಕರು ಸುಮಾರು 74 ಸಾವಿರ. ಮೊದಲೇ ಮಲೇರಿಯಾದಿಂದ ಸೊರಗಿದ್ದ ಮಲೆನಾಡಿನಂಥ ಸೀಮೆಗೆ ಇಂಥ ಜ್ವರವೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಅವರಿಗಂತೂ ಎಲ್ಲಿಯೂ ಕಲ್ಲಿಲ್ಲ.

ಈಗ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮೇಲೆ ಹೇಳಿದ ಕಮಿಷನ್ನಿನ ಪಟ್ಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಪಂಜಾಬಿನವರಿಗೆ ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ 3 ಲಕ್ಷ 20 ಸಾವಿರ ಸೈನಿಕರ ದಾಖಲೆಗಳು ದೊರೆತು, 2021ರಲ್ಲಿ ಊರುವಾರು ಹುಡುಕುವ ಅನುಕೂಲವಾಯಿತು. ನಾವು ಕಮಿಷನ್ನಿನ ಪಟ್ಟಿಯಿಂದಲೇ ಆರಂಭಿಸಬೇಕು. ಭಾರತೀಯ ಸೈನಿಕರ ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಊರು ಕೊಟ್ಟಿರುತ್ತಾರೆ. ಹುಡುಕುವಾಗ ಕೆಲವು ಎಚ್ಚರಿಕೆಗಳು ಬೇಕು. ನಮ್ಮ ಜಿಲ್ಲೆಗೆ 1947ರವರೆಗೆ ಕಡೂರು ಎಂಬ ಹೆಸರಿದ್ದುದರಿಂದ ಚಿಕ್ಕಮಗಳೂರೆಂದಷ್ಟೇ ಹುಡುಕಿದರೆ ಸಾಲದು. ನರಸಿಂಹರಾಜಪುರ 1915ರವರೆಗೆ ಎಡೇಹಳ್ಳಿಯಾಗಿತ್ತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ ಹೆಸರು ಬದಲಾಯಿತು. ಯುದ್ಧಕ್ಕೆ 1914ರಲ್ಲಿ ಹೊರಟವನು ತನ್ನ ಊರನ್ನು ಎಡೇಹಳ್ಳಿಯೆಂದೇ ಹೇಳಿರುತ್ತಾನೆ. ಶೃಂಗೇರಿಯನ್ನು ಇಂಗ್ಲಿಷ್ ಗುಮಾಸ್ತರು ಹತ್ತು ಬಗೆಯಲ್ಲಿ ಬರೆದಿದ್ದಾರೆ. ಕೊಪ್ಪವೆಂಬ ಹೆಸರಿನ ಊರುಗಳು ಮಂಡ್ಯದ ಕಡೆಯೂ ಉಂಟು, ಆದ್ದರಿಂದ ಜಿಲ್ಲೆಯನ್ನು ನೋಡದೆ ಟಿಪ್ಪಣಿ ಮಾಡಿಕೊಳ್ಳಬೇಡಿ. ಮನೆಯ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ, ಅಂಚಿನ ಸುತ್ತ ಅಕ್ಷರ ಕೊರೆದ ಬೆಳ್ಳಿಯ ಪದಕವೇನಾದರೂ ಸಿಕ್ಕರೆ ಅದನ್ನು ಕರಗಿಸಲು ಕೊಡಬೇಡಿ. ಆ ಅಂಚಿನಲ್ಲಿರುವುದು ಸೈನಿಕನ ಸಂಖ್ಯೆ, ಹೆಸರು ಮತ್ತು ಅವನ ದಳ. ಅದನ್ನು ಹಾಗೆಯೇ ನಕಲು ಮಾಡಿ, ಮನೆತನದ ಹಿರಿಯರಿಂದ ಅವನ ಸಂಬಂಧವನ್ನು ಕೇಳಿ ಬರೆದು ನನಗೆ ಕಳುಹಿಸಿ.