ಬಿಡುಗಾಲಿಯ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ದೋಣಿಮಲೈ ಸಮೀಪದ ಒಂದು ಇಳಿಜಾರಿನಲ್ಲಿ ನಾವು ಕುಳಿತಿದ್ದ ಬಸ್ಸು ಫಕ್ಕನೆ ನಿಂತಿತು. ಮುಂದೆ ಹೋಗುತ್ತಿದ್ದ ಪವರ್ ಟಿಲ್ಲರೊಂದು, ಹಿಂದೆ ಕಟ್ಟಿದ್ದ ಕಲ್ಲು ತುಂಬಿದ ಟ್ರೇಲರಿನೊಡನೆ, ರಸ್ತೆಯ ಬಲಬದಿಗೆ ನುಗ್ಗಿ ಮಣ್ಣಿನ ದಿಬ್ಬಕ್ಕೆ ಮೂತಿ ಒತ್ತಿ ನಿಂತಿತ್ತು. ದಿಬ್ಬದ ಆಚೆಗೆ ಕಮರಿ. ನಡೆಸುತ್ತಿದ್ದವನು ಹತ್ತೊಂಬತ್ತು-ಇಪ್ಪತ್ತರ ಹುಡುಗ. ನನ್ನ ತರಗತಿಯಲ್ಲಿ ಕುಳಿತು ಕನ್ನಡ ಕಲಿತವನೇ. ಮೈಗೆ ಗಾಯವೇನೂ ಆಗಿರಲಿಲ್ಲ. ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ.

“ಸರ, ನಾ ಎಡಗಡೆ ಹಿಡಿ ಒತ್ತೀನ್ರಿ. ಅದು ಬಲಕ್ಕ ಹೋತು. ದೇವರಾಣೆಗೂ ಎಡಗಡೇದೇ ಒತ್ತೀನ್ರಿ” ಎಂದು ಅದೇ ಮಾತನ್ನು ನಾಲ್ಕು ಸಲ ಹೇಳಿದ. ಸುತ್ತ ನೆರೆದವರು ನಕ್ಕರು. ಎಡ-ಬಲ ತಿಳಿಯದವನ ಕೈಗೆ ಗಾಡಿ ಕೊಟ್ಟದ್ದು ತನ್ನದೇ ತಪ್ಪೆಂದು ಯಜಮಾನ ಸಿಡಿಮಿಡಿಗೊಂಡ. ಆ ಸಂಜೆಯೇ ಹುಡುಗನ ಕೆಲಸ ಹೋಯಿತು. ನಾನೂ ಅವನ ಪರವಾಗಿ ಒಂದು ಮಾತನ್ನಾದರೂ ಆಡಲಿಲ್ಲ. ಹೆದರಿದ ಹುಡುಗ ಸುಳ್ಳು ಹೇಳುತ್ತಿದ್ದಾನೆಂದೇ ನನಗೂ ತೋರಿತ್ತು.

ಅವನು ಹೇಳಿದ್ದು ಅಕ್ಷರಶಃ ಸತ್ಯವೆಂದು ತಿಳಿಯಲು ನನಗೆ ಬಹಳ ದಿನಗಳು ಹಿಡಿದವು. ಅದನ್ನು ತಿಳಿಯಬೇಕಾದರೆ ಒಂದು ಸಣ್ಣ ಕೀಲಿನ ಇತಿಹಾಸವನ್ನು ನೋಡಬೇಕು. ಸೈಕಲ್ ಅಂಗಡಿಯವರು ಅದನ್ನು ಫ್ರೀವೀಲ್ ಎನ್ನುತ್ತಾರೆ. ನಾನು ಪಂಡಿತ ಪರೀಕ್ಷೆಗೆ ಓದಿದವನಾದ್ದರಿಂದ ಅದಕ್ಕೆ ‘ಬಿಡುಗಾಲಿ’ ಎಂದು ಹೆಸರಿಟ್ಟುಕೊಂಡಿದ್ದೇನೆ. ವಾಚಕರು ಮನ್ನಿಸಬೇಕು.

ನಮ್ಮ ಎತ್ತಿನ ಬಂಡಿಯಿಂದಲೇ ಪ್ರಾರಂಭಿಸೋಣ. ಬಂಡಿಯ ಅಚ್ಚು ತಿರುಗುವುದಿಲ್ಲ. ಅದರ ಎರಡು ತುದಿಗಳಲ್ಲಿ ಗಾಲಿಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಅವು ಕಳಚಿ ಬೀಳದಂತೆ ಕಾಯುವುದು ಕಡೆಗೀಲು, ಎಂದರೆ ಕಡಾಣಿ. ತಿರುವಿನಲ್ಲಿ ಒಳಗಿನ ಗಾಲಿ ಕಡಿಮೆ ದೂರ ಹೋಗಬೇಕು, ಹೊರಗಿನದು ಹೆಚ್ಚು ದೂರ. ಎರಡೂ ಸ್ವತಂತ್ರವಾಗಿರುವುದರಿಂದ ಯಾವ ತೊಡಕೂ ಇಲ್ಲ. ಎಳೆಯುವ ಕೆಲಸ ಎತ್ತಿನದು. ಗಾಲಿಯದು ಹಿಂಬಾಲಿಸುವ ಕೆಲಸ ಮಾತ್ರ. ಸಾವಿರಾರು ವರ್ಷ ಗಾಲಿಗೆ ಇದಕ್ಕಿಂತ ಹೆಚ್ಚಿನ ಹೊಣೆ ಇರಲಿಲ್ಲ.

ಗಾಲಿಯೇ ಎತ್ತಿನ ಕೆಲಸವನ್ನು ಮಾಡಬೇಕಾಗಿ ಬಂದಾಗ ತೊಡಕು ಹುಟ್ಟಿತು. ಮನುಷ್ಯನ ಕಾಲಿನಿಂದಾಗಲಿ ಎಂಜಿನಿನಿಂದಾಗಲಿ ಗಾಲಿಯನ್ನು ತಿರುಗಿಸಿ, ಅದರಿಂದ ಗಾಡಿಯನ್ನು ಮುಂದೂಡಬೇಕು. ಹಾಗಾದರೆ ಶಕ್ತಿಯ ಮೂಲಕ್ಕೂ ಗಾಲಿಗೂ ಗಂಟು ಬೀಳಲೇಬೇಕಷ್ಟೆ. ಆದರೆ ಒಮ್ಮೆ ಬಿದ್ದ ಗಂಟನ್ನು ಬೇಕಾದಾಗ ಬಿಡಿಸುವುದು ಹೇಗೆ?

ಮೊದಲಿನ ಪೆಡಲು ಸೈಕಲ್ಲುಗಳಲ್ಲಿ ಪೆಡಲು ಮುಂದಿನ ಚಕ್ರಕ್ಕೇ ಜೋಡಿಸಿರುತ್ತಿತ್ತು. ಚಕ್ರ ತಿರುಗಿದಷ್ಟು ಹೊತ್ತೂ ಪೆಡಲು ತಿರುಗಲೇಬೇಕು. ಇಳಿಜಾರು ಬಂದರೆ ಸವಾರನ ಕಾಲು ಪೆಡಲನ್ನು ತುಳಿಯುವುದರ ಬದಲು ಪೆಡಲೇ ಕಾಲನ್ನು ಎತ್ತಿ ಕುಕ್ಕುತ್ತಿತ್ತು. ಸವಾರರು ಕಾಲುಗಳನ್ನು ಪೆಡಲಿನಿಂದ ಮೇಲೆತ್ತಿ ದೇವರ ಮೇಲೆ ಭಾರ ಹಾಕಿ ಇಳಿಯುತ್ತಿದ್ದುದುಂಟು. 1869ರಲ್ಲಿ ಅಮೆರಿಕದ ವಿಲಿಯಂ ವ್ಯಾನ್ ಆಂಡನ್ ಎಂಬಾತ ಇದಕ್ಕೊಂದು ಉಪಾಯವನ್ನು ಕಂಡು ಪೇಟೆಂಟು ಪಡೆದನು. ಚಕ್ರದ ಗುಂಬಕ್ಕೂ ಪೆಡಲಿಗೂ ನಡುವೆ ಓರೆಯಾದ ಹಲ್ಲುಗಳ ಒಂದು ಬಳೆ, ಅದರ ಮೇಲೆ ಸ್ಪ್ರಿಂಗು ಒತ್ತಿ ಹಿಡಿದ ಒಂದು ಪುಟ್ಟ ನಾಲಗೆ. ಮುಂದಕ್ಕೆ ತುಳಿದರೆ ನಾಲಗೆ ಹಲ್ಲಿಗೆ ಸಿಕ್ಕಿಕೊಂಡು ಚಕ್ರವನ್ನು ಒಯ್ಯುತ್ತದೆ. ತುಳಿತ ನಿಂತರೆ ನಾಲಗೆ ಹಲ್ಲುಗಳ ಬೆನ್ನ ಮೇಲೆ ಜಾರುತ್ತ ಚಕ್ರವನ್ನು ತನ್ನಷ್ಟಕ್ಕೆ ಬಿಡುತ್ತದೆ. ನಮ್ಮ ಸೈಕಲ್ಲಿನ ಹಿಂಗಾಲಿಯಿಂದ ಬರುವ ಟಿಕಿಟಿಕಿ ಶಬ್ದ ಆ ನಾಲಗೆಯದೇ.

ಈ ತತ್ತ್ವವೇನೂ ಆಗ ಹೊಸದಾಗಿರಲಿಲ್ಲ. ಗೋಡೆ ಗಡಿಯಾರಕ್ಕೆ ಕೀಲಿ ಕೊಡುವಾಗ ಸುತ್ತಿದ ಸ್ಪ್ರಿಂಗು ಬಿಚ್ಚಿಕೊಳ್ಳದಂತೆ ತಡೆಯುವುದೂ ಇಂಥದೇ ಹಲ್ಲು-ನಾಲಗೆ. ಆದರೂ ವ್ಯಾನ್ ಆಂಡನ್ನನ ಉಪಾಯಕ್ಕೆ ಆಗ ಮನ್ನಣೆ ದೊರೆಯಲಿಲ್ಲ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಇಂದಿನ ರೂಪದ ಸೈಕಲ್ಲನ್ನು ತಂದಾಗಲೂ ಅದರಲ್ಲಿ ಬಿಡುಗಾಲಿ ಇರಲಿಲ್ಲ. ಆ ಶತಮಾನದ ಕೊನೆಯ ಹೊತ್ತಿಗೆ ಅದು ಬಳಕೆಗೆ ಬಂದಿತು. ಇಷ್ಟು ತಡವಾದುದೇಕೆ? ಗಂಟು ಬಿದ್ದ ಚಕ್ರವನ್ನು ಕಾಲಿನಿಂದಲೇ ತಡೆದು ನಿಲ್ಲಿಸಬಹುದು. ಬಿಟ್ಟ ಚಕ್ರವನ್ನು ಹಾಗೆ ನಿಲ್ಲಿಸಲಾಗದು. ಒಳ್ಳೆಯ ಬ್ರೇಕು ಬರುವವರೆಗೆ ಬಿಡುಗಾಲಿ ಅಪಾಯದ ವಸ್ತುವೇ ಆಗಿತ್ತು. 1903ರಲ್ಲಿ ಜರ್ಮನಿಯ ಅರ್ನ್ಸ್ಟ್ ಸಾಕ್ಸ್ ‘ಟಾರ್ಪೀಡೊ’ ಎಂಬ ಗುಂಬವನ್ನು ಹೊರತಂದು, ಬಿಡುಗಾಲಿಯನ್ನೂ ಬ್ರೇಕನ್ನೂ ಒಂದೇ ಗೂಡಿನಲ್ಲಿ ಕೂಡಿಸಿದನು. ಬಿಡುವ ಕೀಲಿಗೆ ಹಿಡಿಯುವ ಕೀಲು ಜೊತೆಯಾದ ಮೇಲೆಯೇ ಅದು ಲೋಕಪ್ರಿಯವಾಯಿತೆಂಬುದನ್ನು ನೆನಪಿನಲ್ಲಿಡತಕ್ಕದ್ದು.

ಸೈಕಲ್ಲಿನಲ್ಲಿ ನೂಕುವ ಗಾಲಿ ಒಂದೇ. ಎರಡು ಗಾಲಿಗಳೂ ನೂಕುವ ಯಂತ್ರದಲ್ಲಿ ಇನ್ನೊಂದು ತೊಡಕುಂಟು. ಎರಡನ್ನೂ ಒಂದೇ ಅಚ್ಚಿಗೆ ಬಿಗಿದರೆ ತಿರುವಿನಲ್ಲಿ ಒಂದು ಗಾಲಿ ನೆಲವನ್ನು ಕೆರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕುದುರೆಗಳು ಎಳೆಯುವ ಹುಲ್ಲು ಕೊಯ್ಯುವ ಯಂತ್ರಗಳಿದ್ದವು. ಅವುಗಳ ಕತ್ತಿಗೆ ಚಲನೆ ಬರುತ್ತಿದ್ದುದು ಗಾಲಿಗಳಿಂದ. ಅಲ್ಲಿ ಎರಡು ಗಾಲಿಗಳ ಗುಂಬಗಳಲ್ಲಿಯೂ ಒಂದೊಂದು ಹಲ್ಲು-ನಾಲಗೆಯನ್ನಿಟ್ಟರು. ತಿರುವಿನಲ್ಲಿ ಬೇಗ ಹೋಗುವ ಗಾಲಿ ಕತ್ತಿಯನ್ನು ನಡೆಸುತ್ತದೆ, ಹಿಂದುಳಿದ ಗಾಲಿ ಸುಮ್ಮನೆ ಜಾರುತ್ತದೆ. ಗಾಡಿ ಹಿಂದಕ್ಕೆ ಸರಿದರೆ ಕತ್ತಿ ಆಡುವುದೇ ಇಲ್ಲ. ಇಂದು ಹುಲ್ಲುಹಾಸನ್ನು ಕತ್ತರಿಸುವ, ತಾನೇ ಮುಂದೆ ಸಾಗುವ ಸಣ್ಣ ಯಂತ್ರಗಳು ಅದೇ ವಂಶದವು. ಹಿಂದೆ ನಡೆಯುವ ಮನುಷ್ಯ ಯಂತ್ರದ ವೇಗಕ್ಕಿಂತ ತುಸು ಬೇಗ ತಳ್ಳಿದರೂ ಗಾಲಿ ತಡೆಯದೆ ಬಿಟ್ಟುಕೊಡುತ್ತದೆ.

ಹಲ್ಲು-ನಾಲಗೆಯ ಬದಲು ಓರೆಯಾದ ಗೂಡುಗಳಲ್ಲಿ ಸಣ್ಣ ಉಕ್ಕಿನ ಉರುಳೆಗಳನ್ನಿಟ್ಟು ಮಾಡುವ ಬಿಡುಗಾಲಿಯೂ ಉಂಟು. ಒಂದು ದಿಕ್ಕಿಗೆ ತಿರುಗಿದರೆ ಉರುಳೆಗಳು ಸಡಿಲ. ಇನ್ನೊಂದು ದಿಕ್ಕಿಗೆ ತಿರುಗಿದರೆ ಇಕ್ಕಟ್ಟಿಗೆ ಸಿಕ್ಕಿ ಬಿಗಿ. ನಮ್ಮ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ 1977ರಲ್ಲಿ ಪ್ರಾರಂಭವಾಯಿತು. ಇಂಥ ಗಣಿಗಳಲ್ಲಿ ಅದಿರನ್ನು ಹೊತ್ತು ಮೇಲೇರುವ ರಬ್ಬರ್ ಪಟ್ಟಿಗಳಿಗೆ ಈ ಕೀಲು ಕಾವಲುಗಾರ. ಪಟ್ಟಿ ಏರುತ್ತಿರುವಾಗ ವಿದ್ಯುತ್ತು ನಿಂತಿತೆನ್ನಿ. ಟನ್ನುಗಟ್ಟಲೆ ಅದಿರಿನ ಭಾರಕ್ಕೆ ಪಟ್ಟಿ ಹಿಂದಕ್ಕೆ ಓಡಿ, ಕೆಳಗಿದ್ದವರ ಮೇಲೆ ಎಲ್ಲವನ್ನೂ ಸುರಿದೀತು. ಆಗ ಯಾರೂ ಗುಂಡಿ ಒತ್ತಬೇಕಾಗಿಲ್ಲ. ಕೀಲು ತಾನಾಗಿ ಹಿಡಿಯುತ್ತದೆ. ಹೆಲಿಕಾಪ್ಟರಿನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ಎಂಜಿನು ಕೆಟ್ಟು ನಿಂತರೆ, ಮೇಲಿನ ದೊಡ್ಡ ರೆಕ್ಕೆಗಳು ಅದರೊಡನೆ ನಿಂತುಹೋಗದಂತೆ ಕೀಲು ಅವುಗಳನ್ನು ಬಿಟ್ಟುಕೊಡುತ್ತದೆ. ಕೆಳಗಿನಿಂದ ಬರುವ ಗಾಳಿಗೆ ರೆಕ್ಕೆಗಳು ತಿರುಗುತ್ತಲೇ ಇದ್ದು ಹೆಲಿಕಾಪ್ಟರು ಸಾವಕಾಶವಾಗಿ ಇಳಿಯಲು ಸಾಧ್ಯವಾಗುತ್ತದೆ. ಒಂದು ಕಡೆ ಹಿಡಿದುದರಿಂದ ಪ್ರಾಣರಕ್ಷಣೆ, ಇನ್ನೊಂದು ಕಡೆ ಬಿಟ್ಟುದರಿಂದ.

ಇನ್ನು ನಮ್ಮ ಟಿಲ್ಲರಿಗೆ ಬರೋಣ. ಎಂಜಿನಿನ ಬಲದಿಂದ ಮಣ್ಣನ್ನು ಸುತ್ತಿ ಸುತ್ತಿ ಕೆದಕುವ ಯಂತ್ರವನ್ನು 1910ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಕಾನ್ರಾಡ್ ಫಾನ್ ಮೇಯನ್‌ಬುರ್ಗ್ ರೂಪಿಸಿದನು. 1912ರಲ್ಲಿ ಆಸ್ಟ್ರೇಲಿಯದ ಆರ್ಥರ್ ಕ್ಲಿಫರ್ಡ್ ಹೋವರ್ಡ್ ತನ್ನ ತಂದೆಯ ಹೊಲದಲ್ಲಿ ಇಂಥದೇ ಪ್ರಯೋಗಕ್ಕೆ ಕೈಹಾಕಿದನು. ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಸಣ್ಣ ಸಣ್ಣ ಭತ್ತದ ಗದ್ದೆಗಳಲ್ಲಿ, ಹಿಂದೆ ನಡೆದು ನಡೆಸುವ ಎರಡು ಗಾಲಿಯ ಟಿಲ್ಲರು ಮನೆಮಾತಾಯಿತು. ನಮ್ಮ ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಅದನ್ನು ತಯಾರಿಸತೊಡಗಿತು. ವಿಜಯನಗರದ ಅರಸರು ತೋಡಿಸಿದ ಕಾಲುವೆಗಳ ನೀರನ್ನೂ, 1953ರಿಂದ ತುಂಗಭದ್ರಾ ಅಣೆಕಟ್ಟಿನ ನೀರನ್ನೂ ಉಂಡು ಬೆಳೆದ ಕಂಪ್ಲಿಯ ಕಡೆಯ ಕೆಸರುಗದ್ದೆಗಳಿಗೆ ಇಂಥ ಹಗುರ ಯಂತ್ರ ಒಪ್ಪುವಂಥದು.

ಟಿಲ್ಲರಿನ ಎರಡು ಹಿಡಿಗಳ ಕೆಳಗೆ ಸೈಕಲ್ ಬ್ರೇಕಿನಂಥ ಒಂದೊಂದು ಸಣ್ಣ ಹಿಡಿ ಇರುತ್ತದೆ. ಎಡಗಡೆಯದನ್ನು ಒತ್ತಿದರೆ, ಗೇರು ಪೆಟ್ಟಿಗೆಯೊಳಗೆ ಒಂದಕ್ಕೊಂದು ಕಚ್ಚಿಕೊಂಡ ಉಕ್ಕಿನ ಹಲ್ಲುಗಳು ಬೇರೆಯಾಗಿ ಎಡಗಾಲಿಗೆ ಎಂಜಿನಿನ ಸಂಬಂಧ ತಪ್ಪುತ್ತದೆ. ಕೈ ಸಡಿಲಿಸಿದರೆ ಸ್ಪ್ರಿಂಗು ಮತ್ತೆ ಅವುಗಳನ್ನು ಕೂಡಿಸುತ್ತದೆ. ಸೈಕಲ್ಲಿನ ಬಿಡುಗಾಲಿ ತಾನಾಗಿ ಬಿಡುತ್ತದೆ. ಇದು ಮನುಷ್ಯನ ಕೈ ಹೇಳಿದಾಗ ಬಿಡುತ್ತದೆ. ವ್ಯತ್ಯಾಸ ಇಷ್ಟೆ. ಸಮತಟ್ಟಾದ ಗದ್ದೆಯಲ್ಲಿ ಎಡಗಾಲಿಯನ್ನು ಬಿಟ್ಟರೆ ಅದು ಹಿಂದುಳಿಯುತ್ತದೆ, ಬಲಗಾಲಿ ನೂಕುತ್ತದೆ, ಯಂತ್ರ ಎಡಕ್ಕೆ ತಿರುಗುತ್ತದೆ. ಹುಡುಗ ಕಲಿತದ್ದು ಇದನ್ನೇ.

ಹಾಗಾದರೆ ಇಳಿಜಾರಿನಲ್ಲಿ ಬಲಕ್ಕೆ ಹೋದುದೇಕೆ? ಈ ಒಗಟು ನನಗೆ ಬಿಡಿಸಿದ್ದು ಹಂಪೆಯ ತೇರು. ಚೈತ್ರದಲ್ಲಿ ವಿರೂಪಾಕ್ಷನ ರಥ ಎಳೆಯುವಾಗ ಗಾಲಿಗಳ ಬಳಿ ಮರದ ದಿಮ್ಮಿ ಹಿಡಿದು ನಡೆಯುವವರನ್ನು ನೀವು ನೋಡಿರಬಹುದು. ಮುಂದೆ ಹಗ್ಗ ಹಿಡಿದ ಸಾವಿರ ಜನರಿಗಿಂತ ಅವರ ಕೆಲಸ ಸೂಕ್ಷ್ಮ. ತೇರು ಎಡಕ್ಕೆ ಹೊರಳಬೇಕಾದರೆ ಎಡಗಾಲಿಗೆ ದಿಮ್ಮಿಯ ಒತ್ತು ಕೊಡುತ್ತಾರೆ. ತಡೆದ ಗಾಲಿ ನಿಧಾನವಾಗುತ್ತದೆ, ತಡೆಯದ ಗಾಲಿ ಮುಂದೆ ಹೋಗುತ್ತದೆ, ತೇರು ಎಡಕ್ಕೆ ಹೊರಳುತ್ತದೆ. ಎರಡು ಗಾಲಿಗಳಲ್ಲಿ ನಿಧಾನವಾದುದು ಯಾವುದೋ ಆ ಕಡೆಗೆ ಬಂಡಿ ತಿರುಗುತ್ತದೆ: ಇದೇ ಸೂತ್ರ.

ಈಗ ಟಿಲ್ಲರಿಗೆ ಆ ಸೂತ್ರವನ್ನು ಹಚ್ಚಿ ನೋಡಿ. ಸಮನೆಲದಲ್ಲಿ ಎಂಜಿನು ಗಾಲಿಯನ್ನು ನೂಕುತ್ತದೆ. ಆದ್ದರಿಂದ ಬಿಟ್ಟ ಗಾಲಿಯೇ ನಿಧಾನ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲಿಯೂ ಹಿಂದಿನಿಂದ ಕಲ್ಲಿನ ಟ್ರೇಲರು ದಬ್ಬುತ್ತಿರುವಾಗ, ಗಾಡಿಯೇ ಎಂಜಿನನ್ನು ನೂಕತೊಡಗುತ್ತದೆ. ಎಂಜಿನು ನೂಕುವುದನ್ನು ಬಿಟ್ಟು ತಡೆಯುವ ಕೆಲಸ ಮಾಡುತ್ತದೆ. ಆಗ ಎಡಗಾಲಿಯನ್ನು ಬಿಟ್ಟರೆ ಅದು ತಡೆಯಿಲ್ಲದೆ ಮುಂದಕ್ಕೆ ಓಡುತ್ತದೆ. ಎಂಜಿನಿಗೆ ಕಟ್ಟಿದ ಬಲಗಾಲಿ ನಿಧಾನವಾಗಿ ಉಳಿಯುತ್ತದೆ. ಯಂತ್ರ ಬಲಕ್ಕೆ ತಿರುಗುತ್ತದೆ! ಹುಡುಗ ಒತ್ತಿದ್ದು ಎಡವೇ. ಯಂತ್ರ ಹೋದದ್ದು ಬಲಕ್ಕೇ.

ಕಂಪ್ಲಿಯ ಕಡೆಯ ಹಳೆಯ ಟಿಲ್ಲರು ಚಾಲಕರೊಬ್ಬರನ್ನು ಕೇಳಿದೆ. ಅವರು ಬಹು ಸಾಮಾನ್ಯ ಸಂಗತಿಯೆಂಬಂತೆ, “ಹೌದ್ರಿ ಮಾಸ್ತರ್ರ, ಇಳುಕಲಾಗ ಅದು ಉಲ್ಟಾ. ಅಲ್ಲಿ ಆ ಹಿಡಿಗೆ ಕೈ ಹಚ್ಚಬಾರದು. ಸಣ್ಣ ಗೇರಿನಾಗ ಹಾಕಿ, ಹ್ಯಾಂಡಲನ್ನೇ ಎಳದು ತಿರುಗಿಸಬೇಕು” ಎಂದರು. ತಿಳಿದವರಿಗೆ ತಿಳಿದೇ ಇತ್ತು. ಹುಡುಗನಿಗೆ ಹೇಳಿದವರು ಯಾರೂ ಇರಲಿಲ್ಲ, ಅಷ್ಟೆ.

ಇದು ಟಿಲ್ಲರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಇಳಿಜಾರಿನಲ್ಲಿ ಎಣ್ಣೆ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ವಾಹನವನ್ನು ಓಡಲು ಬಿಡುವವರು ಎಲ್ಲ ಕಡೆಯೂ ಇದ್ದಾರೆ. ಅವರು ತಮ್ಮ ವಾಹನವನ್ನೇ ಒಂದು ದೊಡ್ಡ ಬಿಡುಗಾಲಿಯನ್ನಾಗಿ ಮಾಡುತ್ತಾರೆ. ಎಂಜಿನಿನ ತಡೆ ತಪ್ಪಿ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಸೋಲುತ್ತದೆ. ಸ್ವೀಡನ್ ದೇಶದ ಸಾಬ್ 96 ಎಂಬ ಕಾರಿಗೆ ಕಾರ್ಖಾನೆಯವರೇ ಬಿಡುಗಾಲಿಯನ್ನು ಅಳವಡಿಸಿದ್ದರು. ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಓಡಿಸುವ ಅದರ ಎಂಜಿನಿಗೆ, ಇಳಿಜಾರಿನಲ್ಲಿ ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ತಪ್ಪಿ ಹಾನಿಯಾದೀತೆಂಬುದು ಕಾರಣ. ಆದರೆ ಬೇಕೆಂದಾಗ ಆ ಬಿಡುಗಾಲಿಯನ್ನು ಬಿಗಿದು ಕಟ್ಟುವ ಉಪಾಯವನ್ನೂ ಅವರು ಚಾಲಕನ ಕೈಗೆ ಕೊಟ್ಟಿದ್ದರು. 1903ರ ಟಾರ್ಪೀಡೊ ಗುಂಬದ ಪಾಠವೇ ಇಲ್ಲಿಯೂ.

ಸತ್ಯ ತಿಳಿದ ಮೇಲೆ ಹುಡುಗನನ್ನು ಹುಡುಕಿಕೊಂಡು ಹೋದೆ. ಅವನು ಆ ವೇಳೆಗೆ ಹೊಸಪೇಟೆಯ ಒಂದು ಗ್ಯಾರೇಜಿನಲ್ಲಿ ಸೇರಿಕೊಂಡಿದ್ದ. ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಗಾಲಿ ಬರೆದು, ತೇರಿನ ದಿಮ್ಮಿಯಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಅವನು ಚಿತ್ರವನ್ನು ಬಹಳ ಹೊತ್ತು ನೋಡುತ್ತಿದ್ದ. ಕೊನೆಗೆ, “ಅಂದ್ರ ನಂದು ತಪ್ಪಿರಲಿಲ್ಲೇನ್ರಿ ಸರ?” ಎಂದ.

“ಇಲ್ಲಪ್ಪ. ನೀನು ನಿಜಾನೇ ಹೇಳಿದ್ದಿ. ನಾವು ಕೇಳಲಿಲ್ಲ” ಎಂದೆ.

ಅವನು ಒಳಗೆ ಹೋಗಿ ಯಜಮಾನನನ್ನೂ ಜೊತೆಯ ಇಬ್ಬರು ಹುಡುಗರನ್ನೂ ಕರೆತಂದ. “ಸರ, ಇನ್ನೊಂದ್ಸಲ ಹೇಳ್ರಿ. ಇವ್ರೂ ಕೇಳ್ಲಿ” ಎಂದ. ನಾನು ಮತ್ತೆ ಮೊದಲಿನಿಂದ ಪ್ರಾರಂಭಿಸಿದೆ.