ಕಂಬಳದ ಗೆಲುವಿನ ಊಹೆ: ಒಂದು ಐತಿಹಾಸಿಕ ಪರಿಶೀಲನೆ

ಏಣೆಲು ಬೆಳೆಯ ಕೊಯ್ಲು ಮುಗಿದು ತುಳುನಾಡಿನ ಗದ್ದೆಗಳು ತೆರವಾಗುವ ಕಾಲಕ್ಕೆ, ಕಾರ್ಕಳದಿಂದ ಕಾಪುವಿನವರೆಗೆ ಹಳ್ಳಿಗಳಲ್ಲಿಯೂ ಉಡುಪಿ ಮಣಿಪಾಲಗಳ ಪೇಟೆಗಳಲ್ಲಿಯೂ ಒಂದು ಪ್ರಶ್ನೆ ಮತ್ತೆಮತ್ತೆ ಕೇಳಿಬರುತ್ತದೆ: ‘ಈ ಸರ್ತಿ ಏರೆಗ್?’ ಎಂದರೆ, ಈ ಸಲ ಗೆಲುವು ಯಾರಿಗೆ? ಮುಂದಿನ ಶನಿವಾರದ ಕಂಬಳದಲ್ಲಿ ಯಾವ ಮನೆಯ ಕೋಣಗಳು ಮೊದಲು ಮಂಜೊಟ್ಟಿ ಸೇರುವುವೆಂಬುದೇ ಈ ಪ್ರಶ್ನೆಯ ವಿಷಯ. ಕಂಬಳವನ್ನು ಕುರಿತು ಬರೆದವರು ಅದರ ಆಚರಣೆ, ದೈವಾರಾಧನೆ, ಬೇಸಾಯದೊಡನೆ ಅದಕ್ಕಿರುವ ಸಂಬಂಧ ಮೊದಲಾದುವನ್ನು ವಿಸ್ತಾರವಾಗಿ ಚರ್ಚಿಸಿರುವರು. ಕಂಬಳಕ್ಕೆ ಮುಂಚಿನ ಈ ವಾಗ್ವಾದವನ್ನಾದರೋ ಕಾಲಕ್ಷೇಪದ ಮಾತೆಂದೇ ಬಿಟ್ಟುಬಿಡುವುದು ವಾಡಿಕೆ. ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಗೆಲುವನ್ನು ಮುಂಚಿತವಾಗಿ ಊಹಿಸುವ ಅವಕಾಶವೆಂಬುದಕ್ಕೇ ಒಂದು ಇತಿಹಾಸವುಂಟು. ಆ ಊಹೆಗಳೂ ಇತಿಹಾಸಕಾರನಿಗೆ ಬೆಲೆಯುಳ್ಳ ಆಧಾರಗಳಾಗಿವೆ. ಈ ಎರಡು ಮಾತುಗಳನ್ನು ಇಲ್ಲಿ ಸ್ಥಾಪಿಸಲು ಪ್ರಯತ್ನಿಸುತ್ತೇವೆ.

ಹೊರಜಿಲ್ಲೆಗಳ ವಿದ್ಯಾರ್ಥಿಗಳಿಗಾಗಿ ಮೊದಲು ಕಂಬಳದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ನೀರು ತುಂಬಿದ ಕೆಸರಿನ ಓಟದ ದಾರಿಗೆ ‘ಕರೆ’ಯೆಂದು ಹೆಸರು. ಕೋಣಗಳನ್ನು ಬಿಡುವ ಕೊನೆಯನ್ನು ‘ಗಂತು’ ಎಂದೂ, ಅವು ಓಡಿ ಸೇರುವ ಏರು ನೆಲವನ್ನು ‘ಮಂಜೊಟ್ಟಿ’ಯೆಂದೂ ಕರೆಯುತ್ತಾರೆ. ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡಿಸುವುದು ಹಗ್ಗದ ಓಟ. ಹಗುರವಾದ ಮರದ ನೇಗಿಲನ್ನು ಹಿಡಿದು ಓಡಿಸುವುದು ನೇಗಿಲಿನ ಓಟ. ಇವೆರಡರಲ್ಲಿಯೂ ಕೋಣಗಳ ಪ್ರಾಯವನ್ನನುಸರಿಸಿ ಹಿರಿಯ, ಕಿರಿಯ ಎಂಬ ವಿಭಾಗಗಳುಂಟು. ಅಡ್ಡಹಲಗೆಯಲ್ಲಿ ಓಟಗಾರನು ಅಡ್ಡವಾಗಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆಹಲಗೆಯಲ್ಲಿ ರಂಧ್ರಗಳಿರುವ ಮರದ ತುಂಡಿನ ಮೇಲೆ ಕಾಲೂರಿ, ಆ ರಂಧ್ರಗಳಿಂದ ಚಿಮ್ಮುವ ನೀರು ಮೇಲೆ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟುವಂತೆ ಕೋಣಗಳನ್ನು ಹಾಯಿಸಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರವನ್ನು ಹೇಳುವುದು ರೂಢಿ.

ಈಗ ಪ್ರಕೃತಕ್ಕೆ ಬರೋಣ. ಹಳೆಯ ಪದ್ಧತಿಯ ಕಂಬಳಗಳಲ್ಲಿ, ವಿಶೇಷವಾಗಿ ಬೀಡು ಗುತ್ತುಗಳ ಮತ್ತು ದೈವಸ್ಥಾನಗಳ ಆಶ್ರಯದಲ್ಲಿ ನಡೆಯುವ ಪೂಕರೆ ಕಂಬಳ ಮುಂತಾದ ಆಚರಣೆಗಳಲ್ಲಿ, ಗದ್ದೆ ಒಂದೇ. ಕೋಣಗಳು ಒಂದರ ಹಿಂದೊಂದು ಜೊತೆಯಾಗಿ ಇಳಿಯತಕ್ಕವು. ಯಾವ ಮನೆಯ ಕೋಣಗಳು ಮೊದಲು ಇಳಿಯಬೇಕೆಂಬುದು ಮನೆತನದ ಸ್ಥಾನಮಾನದಿಂದ ಮೊದಲೇ ನಿಶ್ಚಿತವಾಗಿರುತ್ತಿತ್ತು. ಇಂತಲ್ಲಿ ಜನರು ಕೋಣದ ಮೈಕಟ್ಟನ್ನೂ ಓಟದ ಸೊಗಸನ್ನೂ ಹೊಗಳಬಹುದಾಗಿತ್ತೇ ಹೊರತು, ಗೆಲುವು ಯಾರಿಗೆಂದು ವಾದಿಸಲು ಹೆಚ್ಚಿನ ಎಡೆಯಿರಲಿಲ್ಲ. ಗೌರವದ ಕ್ರಮ ನಿಶ್ಚಿತವಾಗಿರುವೆಡೆ ಊಹೆಗೆ ಕೆಲಸವಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹರಡಿದ ಜೋಡುಕರೆ ಕಂಬಳದಿಂದ ಈ ಸ್ಥಿತಿ ಬದಲಾಯಿತು. ಒಂದರ ಪಕ್ಕದಲ್ಲೊಂದು ಎರಡು ಕರೆಗಳು. ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುತ್ತವೆ. ಸೋತ ಜೊತೆ ಹೊರಗುಳಿದು ಗೆದ್ದ ಜೊತೆ ಮುಂದಿನ ಸುತ್ತಿಗೆ ಹೋಗುತ್ತದೆ. ಕರೆಗಳಿಗಿಟ್ಟ ಹೆಸರುಗಳು ಈ ದೃಷ್ಟಿಯಿಂದ ಗಮನಾರ್ಹವಾಗಿವೆ. ಕಾರ್ಕಳದ ಬಳಿಯ ಮಿಯ್ಯಾರಿನಲ್ಲಿ ಲವ-ಕುಶ, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ, ವೇಣೂರಿನಲ್ಲಿ ಸೂರ್ಯ-ಚಂದ್ರ, ಕಾಪು ತಾಲೂಕಿಗೆ ಸೇರಿದ ಕಟಪಾಡಿಯಲ್ಲಿ ಕೇವಲ ದಿಕ್ಕುಗಳನ್ನೇ ಹೇಳುವ ಮೂಡು-ಪಡು. ಇವುಗಳಲ್ಲಿ ಅನೇಕವು ಅವಳಿ ವೀರರ ಹೆಸರುಗಳು. ಒಂದು ಕರೆ ಮೇಲು, ಇನ್ನೊಂದು ಕೀಳು ಎಂಬ ಭಾವನೆಗೆ ಅವಕಾಶ ಕೊಡದೆ, ಎರಡನ್ನೂ ಒಂದೇ ತಕ್ಕಡಿಯಲ್ಲಿಡುವ ಸಾಮ್ಯಭಾವವು ಈ ಹೆಸರುಗಳಲ್ಲಿ ಧ್ವನಿತವಾಗುತ್ತದೆ. ಎದುರಾಳಿಗಳು ಸಮಾನರೆಂದು ಒಪ್ಪಿಕೊಂಡ ಮೇಲೆಯೇ ಯಾರು ಗೆಲ್ಲುವರೆಂಬ ಪ್ರಶ್ನೆಗೆ ಅರ್ಥ ಬರುವುದು.

ಈ ಮಾರ್ಪಾಟಿನ ಹಿನ್ನೆಲೆಯಲ್ಲಿ ಭೂಒಡೆತನದ ಪಲ್ಲಟವನ್ನೂ ಗಣನೆಗೆ ತಂದುಕೊಳ್ಳಬೇಕು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಕರಾವಳಿಯ ಬಹುಸಂಖ್ಯಾತ ಗೇಣಿದಾರರು ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು. ಊರ ಕಂಬಳದ ಭಾರವನ್ನು ಹೊರುತ್ತಿದ್ದ ದೊಡ್ಡ ಮನೆತನಗಳ ಶಕ್ತಿ ಕುಗ್ಗಿತು. ಸಮಿತಿಗಳು ಮುಂದೆ ಬಂದುವು. ಹಿಂದೆ ತೆಂಗಿನಕಾಯಿ, ಬಾಳೆಗೊನೆಗಳ ರೂಪದಲ್ಲಿದ್ದ ಬಹುಮಾನ ಚಿನ್ನದ ಪದಕವಾಯಿತು. ಋತುವಿನ ಕಂಬಳಗಳ ದಿನಾಂಕಗಳನ್ನು ಜಿಲ್ಲಾ ಸಮಿತಿಯು ಮುಂಚಿತವಾಗಿ ಗೊತ್ತುಮಾಡುವ ಪದ್ಧತಿ ಬೆಳೆಯಿತು. ಇಂಥ ವೇಳಾಪಟ್ಟಿ ಸಿದ್ಧವಾದೊಡನೆ ಊಹೆಯೂ ಒಂದು ನಿಯತವಾದ ಅಭ್ಯಾಸವಾಗುವುದು ಸ್ವಾಭಾವಿಕ. ಇಂಗ್ಲೆಂಡಿನಲ್ಲಿ ಫುಟ್ಬಾಲ್ ಪಂದ್ಯಗಳ ವಾರದ ಕ್ರಮ ಸ್ಥಿರಪಟ್ಟ ಅನಂತರವೇ 1923ರಲ್ಲಿ ಲಿವರ್‌ಪೂಲಿನ ಲಿಟಲ್‌ವುಡ್ಸ್ ಸಂಸ್ಥೆಯು ಫಲಿತಾಂಶಗಳನ್ನು ಊಹಿಸುವ ಚೀಟಿಗಳ ವ್ಯವಹಾರವನ್ನಾರಂಭಿಸಿದುದನ್ನು ಇಲ್ಲಿ ಹೋಲಿಕೆಗಾಗಿ ಸ್ಮರಿಸಬಹುದು. ಅಲ್ಲಿ ಊಹೆ ಅಂಚೆಯ ಚೀಟಿಯಾಯಿತು; ಇಲ್ಲಿ ಮಾತಾಗಿಯೇ ಉಳಿಯಿತು. ಕಾಗದದ ಮೇಲೆ ಬಂದುದು ಉಳಿಯುತ್ತದೆ, ಮಾತಿಗೆ ಆ ಭಾಗ್ಯವಿಲ್ಲ.

ಆದರೆ ಸಾಮ್ಯವೆಂಬುದು ಕರೆಗಳಿಗೆ ಬಂದಷ್ಟು ಸುಲಭವಾಗಿ ಜನರಿಗೆ ಬರಲಿಲ್ಲವೆಂಬುದನ್ನು ಮರೆಮಾಡಲಾಗದು. ಹಳೆಯ ಕಂಬಳದ ಕಟ್ಟಳೆಗಳಲ್ಲಿ ಕೊರಗ ಸಮುದಾಯದವರಿಗೆ ವಿಧಿಸಲಾಗಿದ್ದ ಬಿಟ್ಟಿ ಚಾಕರಿಯೂ ಅವಮಾನಕರವಾದ ಕರ್ತವ್ಯಗಳೂ ಸೇರಿದ್ದುವು. ಇಂಥ ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನ ಕರ್ನಾಟಕದಲ್ಲಿ ಬಂದುದು 2000ದಲ್ಲಿ. ಆದುದರಿಂದ ‘ಊರೆಲ್ಲ ಸೇರಿ ಚರ್ಚಿಸುತ್ತಿತ್ತು’ ಎಂಬ ಮಾತನ್ನು ಓದುವಾಗ, ಆ ಊರಿನಲ್ಲಿ ಬಾಯಿತೆರೆದು ಅಭಿಪ್ರಾಯ ಹೇಳುವ ಅಧಿಕಾರ ಯಾರಿಗಿತ್ತು, ಯಾರಿಗಿರಲಿಲ್ಲ ಎಂದು ಕೇಳಿಕೊಳ್ಳುವುದು ವಿದ್ಯಾರ್ಥಿಯ ಕರ್ತವ್ಯ.

ಇನ್ನು ಚರ್ಚೆಯ ಒಳಹುರುಳನ್ನು ನೋಡೋಣ. ಹೊರಗಿನವರಿಗೆ ಇದು ಬರಿಯ ಅಭಿಮಾನದ ಕೂಗಾಟವಾಗಿ ತೋರಿದರೂ, ಒಳಗೆ ಒಂದು ತರ್ಕಕ್ರಮವಿದೆ. ಮೊದಲನೆಯದಾಗಿ, ಜೊತೆಯ ವಿಚಾರ. ಒಂದು ಕೋಣ ಎಷ್ಟೇ ವೇಗಶಾಲಿಯಾಗಿದ್ದರೂ ಅದರ ಸಂಗಾತಿ ಹಿಂದುಳಿದರೆ ನೊಗ ಓರೆಯಾಗಿ ಓಟ ಕೆಡುತ್ತದೆ. ಆದಕಾರಣ ಹೊಸದಾಗಿ ಕಟ್ಟಿದ ಜೊತೆಗಿಂತ ಹೊಂದಿಕೊಂಡ ಹಳೆಯ ಜೊತೆಯ ಕಡೆಗೆ ಅನುಭವಿಗಳ ಒಲವು ಹೆಚ್ಚು. ಎರಡನೆಯದು, ಗಂತಿನಲ್ಲಿ ನಿಲ್ಲುವ ಗುಣ. ಬಿಡುವ ಮೊದಲೇ ಎಗರಾಡಿ ದಣಿಯುವ ಕೋಣವನ್ನು ಯಾರೂ ನೆಚ್ಚುವುದಿಲ್ಲ. ಮೂರನೆಯದು, ಹೊತ್ತಿನ ವಿಚಾರ. ದೊಡ್ಡ ಕಂಬಳಗಳು ಹಗಲು ಆರಂಭವಾಗಿ ದೀಪದ ಬೆಳಕಿನಲ್ಲಿ ಇರುಳೆಲ್ಲ ನಡೆದು ಮರುದಿನ ಮುಗಿಯುತ್ತವೆ. ಬಿಸಿಲಿನಲ್ಲಿ ಕೋಣಕ್ಕೆ ಕಾವು ಬೇಗ ಏರುವುದರಿಂದ, ಮೊದಲ ಸುತ್ತಿನಲ್ಲಿ ಮಿಂಚಿದ ಜೊತೆ ಅಂತಿಮ ಸುತ್ತಿನವರೆಗೆ ಕಸುವನ್ನುಳಿಸಿಕೊಳ್ಳುವುದೇ ಎಂಬುದು ಮುಖ್ಯ ಪ್ರಶ್ನೆ. ಹುರುಳಿಯ ಮೇವು, ಎಣ್ಣೆಯ ನೀವುವಿಕೆ, ಕೆರೆಯಲ್ಲಿ ಈಜಿಸುವಿಕೆ ಇವೆಲ್ಲ ಈ ಪ್ರಶ್ನೆಯೊಡನೆಯೇ ಚರ್ಚೆಗೆ ಬರುತ್ತವೆ. ನಾಲ್ಕನೆಯದು, ಕರೆಯ ಮಣ್ಣು ಮತ್ತು ನೀರಿನ ಆಳ. ಐದನೆಯದು, ಓಡಿಸುವವನ ಕೈ ಮತ್ತು ಕಾಲು. ಈ ಐದು ಅಂಗಗಳನ್ನೂ ಹಿಂದಿನ ಋತುಗಳ ನೆನಪಿನಿಂದ ಸಮರ್ಥಿಸಿದಾಗಲೇ ವಾದ ಪೂರ್ಣವಾಗುವುದು. ಒಬ್ಬನು ಕಳೆದ ವರ್ಷದ ಅಂತಿಮ ಸ್ಪರ್ಧೆಯನ್ನು ಸಾಕ್ಷಿಯಾಗಿ ತಂದರೆ, ಇನ್ನೊಬ್ಬನು ಆ ದಿನ ಓಡಿಸಿದವನು ಬೇರೆಯೆಂದು ಅದನ್ನು ಖಂಡಿಸುತ್ತಾನೆ. ಸಾಕ್ಷ್ಯದ ಗುಣಾವಗುಣಗಳನ್ನು ತೂಗುವ ಈ ಬಗೆ ನಮ್ಮ ಶಾಸ್ತ್ರದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ.

ಕನೆಹಲಗೆಯ ವಿಷಯದಲ್ಲಿ ಮಾತ್ರ ಪ್ರಶ್ನೆಯ ರೂಪವೇ ಬೇರೆ. ಅಲ್ಲಿ ಅಳತೆಗೋಲು ಎದುರಾಳಿಯಲ್ಲ, ನಿಶಾನೆ. ಆದಕಾರಣ ಯಾರು ಮುಂದಾಗುವರೆಂದು ಕೇಳುವ ಬದಲು ನೀರು ಏಳೂವರೆ ಕೋಲು ಮುಟ್ಟೀತೇ ಎಂದು ಕೇಳುತ್ತಾರೆ. ಒಂಟಿಯಾಗಿ ಓಡಿ ಕೌಶಲವನ್ನು ತೋರಿಸುವ ಹಳೆಯ ಭಾವನೆಯ ಕುರುಹು ಜೋಡುಕರೆಯ ಕಾಲದಲ್ಲಿಯೂ ಇಲ್ಲಿ ಉಳಿದುಬಂದಿದೆಯೆಂದು ನಾವು ಭಾವಿಸುತ್ತೇವೆ.

ಲಿಖಿತ ಆಧಾರಗಳು ಈ ಚರ್ಚೆಯನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ? ಎಡ್ಗರ್ ಥರ್ಸ್ಟನ್ನನು 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಗ್ರಂಥದಲ್ಲಿ, ಬಂಟರನ್ನು ಕುರಿತ ಭಾಗದಲ್ಲಿ, ಹಾರ್ಡಿಂಗ್ ಎಂಬವನು ಬರೆದ ಕೋಣದ ಓಟದ ವರ್ಣನೆ ಸೇರಿದೆ. ಅದು ಹೊರಗಿನಿಂದ ಬಂದ ಪ್ರೇಕ್ಷಕನ ನೋಟ; ದೃಶ್ಯಕ್ಕೆ ಅದರಲ್ಲಿ ಪ್ರಾಧಾನ್ಯ. 1970ರಲ್ಲಿ ಮಣಿಪಾಲದಿಂದ ಪ್ರಕಟವಾಗತೊಡಗಿದ ‘ಉದಯವಾಣಿ’ಯಂಥ ದಿನಪತ್ರಿಕೆಗಳಲ್ಲಿ ಫಲಿತಾಂಶಗಳು ಅಚ್ಚಾಗುತ್ತ ಬಂದಿವೆ. ವಿಭಾಗ, ಕೋಣಗಳ ಒಡೆಯರ ಊರು ಮತ್ತು ಹೆಸರು, ‘ಓಡಿಸಿದವರು’ ಇಂಥವರು, ಹಲಗೆಯಾದರೆ ‘ಹಲಗೆ ಮುಟ್ಟಿದವರು’ ಇಂಥವರು ಎಂಬುದು ಆ ಪಟ್ಟಿಗಳ ಕ್ರಮ. ಇವು ಅಮೂಲ್ಯವಾದ ದಾಖಲೆಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಪಟ್ಟಿಯಲ್ಲಿ ಉಳಿಯುವವರು ಗೆದ್ದವರು ಮಾತ್ರ. ಮೊದಲ ಸುತ್ತಿನಲ್ಲಿಯೇ ಸೋತ ಜೊತೆಯನ್ನು ಎಷ್ಟು ಜನ ಯಾವ ಕಾರಣಕ್ಕಾಗಿ ನೆಚ್ಚಿದ್ದರೆಂಬುದು ಪಟ್ಟಿಗೆ ಸೇರುವುದಿಲ್ಲ. ಫಲಿತಾಂಶವನ್ನು ಬಲ್ಲ ನಮಗೆ ಆ ಗೆಲುವು ಅನಿವಾರ್ಯವಾಗಿತ್ತೆಂದು ತೋರುತ್ತದೆ. ಹಿಂದಿನ ದಿನ ಅದು ಹಾಗೆ ತೋರಿರಲಿಲ್ಲವೆಂಬುದಕ್ಕೆ ಸಾಕ್ಷಿ ಆ ಊಹೆಗಳೇ.

ಅಂಕಿಯೊಂದನ್ನೇ ನೆಚ್ಚುವುದರ ಅಪಾಯಕ್ಕೆ 2020ರ ಪ್ರಸಂಗವು ತಕ್ಕ ನಿದರ್ಶನ. ಆ ವರ್ಷದ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಅದನ್ನು ನೂರು ಮೀಟರುಗಳಿಗೆ ಇಳಿಸಿ, 9.55 ಸೆಕೆಂಡೆಂದು ಲೆಕ್ಕಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58 ಸೆಕೆಂಡುಗಳ ದಾಖಲೆಯೊಡನೆ ಹೋಲಿಸಿದ ವಾರ್ತೆ ದೇಶವಿದೇಶಗಳಲ್ಲಿ ಹಬ್ಬಿತು. ಅದೇ ತಿಂಗಳಲ್ಲಿ ವೇಣೂರಿನಲ್ಲಿ ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ ಶೆಟ್ಟಿಯವರ ಓಟವನ್ನೂ ಹೀಗೆಯೇ ಲೆಕ್ಕಮಾಡಿದರು. ಕೋಣಗಳ ಸೆಳೆತವನ್ನು ಹಿಡಿದು ಕೆಸರುನೀರಿನಲ್ಲಿ ಓಡುವವನಿಗೂ ಒಣನೆಲದಲ್ಲಿ ಸ್ವಂತ ಬಲದಿಂದ ಓಡುವವನಿಗೂ ಒಂದೇ ಗಡಿಯಾರ ಸಲ್ಲದು. ಕರೆಯ ಉದ್ದವೂ ಊರಿಂದೂರಿಗೆ ಬೇರೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಿರ್ಮಿಸಿದ ಕರೆಯು 155 ಮೀಟರುಗಳದು. ಇದನ್ನು ಅನುಭವಿಗಳು ಮೊದಲೇ ಬಲ್ಲರು. ಅವರ ತರ್ಕದಲ್ಲಿ ಕಾಲಮಾನವು ಹಲವು ಸಾಕ್ಷಿಗಳಲ್ಲಿ ಒಂದು ಮಾತ್ರ.

ಈ ಚರ್ಚೆಯ ವಿಷಯವೇ ಇಲ್ಲವಾಗುವ ಕಾಲವೂ ಒಮ್ಮೆ ಒದಗಿತ್ತು. ಜಲ್ಲಿಕಟ್ಟನ್ನು ಕುರಿತ ಮೊಕದ್ದಮೆಯಲ್ಲಿ 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಪರಿಣಾಮ ಕಂಬಳದ ಮೇಲೂ ಆಯಿತು. 2016ರ ನವೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ಕೊಟ್ಟಿತು. 2017ರ ಫೆಬ್ರವರಿಯಲ್ಲಿ ವಿಧಾನಮಂಡಲವು ತಿದ್ದುಪಡಿಯ ವಿಧೇಯಕವನ್ನು ಅಂಗೀಕರಿಸಿತು. ಅದೇ ಜುಲೈಯಲ್ಲಿ ಸುಗ್ರೀವಾಜ್ಞೆ ಹೊರಟಿತು. 2023ರ ಮೇ 18ರಂದು ಸಂವಿಧಾನಪೀಠವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಅವಧಿಯಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಹಿಂದೆ ಸರಿದು ‘ನಡೆಯುವುದೇ’ ಎಂಬುದು ಮುಂದೆ ಬಂದಿತು. ಬೆತ್ತದ ಪೆಟ್ಟು ಕೋಣಕ್ಕೆ ಹಿಂಸೆಯೆಂದು ಆಕ್ಷೇಪಿಸಿದವರ ವಾದವನ್ನೂ, ಮಕ್ಕಳಂತೆ ಸಾಕಿದ ಕೋಣವೇ ಚೆನ್ನಾಗಿ ಓಡುವುದೆಂದವರ ವಾದವನ್ನೂ ಸಮಚಿತ್ತದಿಂದ ದಾಖಲಿಸುವುದು ಇತಿಹಾಸಕಾರನ ಕೆಲಸ. ಪೆಟ್ಟಿಲ್ಲದೆ ಯಾವ ಜೊತೆ ಓಡೀತು ಎಂಬ ಹೊಸ ಅಂಶವು ಅಂದಿನಿಂದ ಊಹೆಯ ತಕ್ಕಡಿಗೆ ಸೇರಿತು. ಶಾಸನವೊಂದು ಜನರ ತರ್ಕವನ್ನು ಹೇಗೆ ತಿದ್ದುತ್ತದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾದ ಆರು ಸಂಪುಟಗಳ ತುಳು ನಿಘಂಟಿನ ಉದಾಹರಣೆ ನಮ್ಮ ಮುಂದಿದೆ. 1988ರಿಂದ 1997ರವರೆಗೆ ಹೊರಬಂದ ಆ ಸಂಪುಟಗಳು, ಜನರ ಬಾಯಲ್ಲಿರುವುದನ್ನು ಶ್ರಮವಹಿಸಿ ಸಂಗ್ರಹಿಸಿದರೆ ಶಾಸ್ತ್ರಕ್ಕೆ ಎಂಥ ಉಪಕಾರವಾಗುವುದೆಂದು ತೋರಿಸಿಕೊಟ್ಟಿವೆ. ಪದಗಳಿಗೆ ಸಂದ ಈ ಸೇವೆ ವಾದಗಳಿಗೂ ಸಲ್ಲಬೇಕು. ಕಾರ್ಕಳ, ಕಾಪು, ಉಡುಪಿಗಳ ಕಾಲೇಜು ವಿದ್ಯಾರ್ಥಿಗಳು ಋತುವಿನ ಒಂದೊಂದು ಕಂಬಳಕ್ಕೆ ಮುಂಚೆ ತಮ್ಮ ಊರಿನ ಹತ್ತು ಮಂದಿಯ ಊಹೆಯನ್ನೂ ಅದಕ್ಕೆ ಅವರು ಕೊಡುವ ಕಾರಣಗಳನ್ನೂ ದಿನಾಂಕಸಹಿತ ಬರೆದಿಡಲಿ. ಹೇಳಿದವರ ಪ್ರಾಯ, ಕಸುಬು, ಅವರು ಕೋಣ ಸಾಕಿದವರೋ ಓಡಿಸಿದವರೋ ದೂರದಿಂದ ನೋಡಿದವರೋ ಎಂಬುದನ್ನೂ ಸೇರಿಸಲಿ. ಕಂಬಳ ಮುಗಿದ ಮೇಲೆ ಫಲಿತಾಂಶವನ್ನು ಪಕ್ಕದಲ್ಲಿ ಬರೆದು, ಮೊದಲಿನ ಬರಹವನ್ನು ತಿದ್ದದೆ ಕಾಲೇಜಿನ ಗ್ರಂಥಾಲಯದಲ್ಲಿಡಲಿ. ಹಿಂದಿನ ಶತಮಾನದ ಕರೆಗಳನ್ನು ಕಣ್ಣಾರೆ ಕಂಡು ನೆನಪಿಟ್ಟುಕೊಂಡಿರುವ ಹಿರಿಯರು ನಮ್ಮೊಡನಿರುವಾಗಲೇ ಈ ಕೆಲಸ ಆರಂಭವಾಗುವುದು ಯುಕ್ತ.