ಲಂಡನ್ನಿನ ಉಯಿಲುಗಳು ಮತ್ತು ದತ್ತಿಗಳು

ಉಯಿಲಿನ ಮೂಲಕ ದಾನ ಬಿಡುವ ಪದ್ಧತಿ ಲಂಡನ್ನಿನಲ್ಲಿ ಮಧ್ಯಯುಗದಿಂದಲೂ ಇದೆ. ಆಗಿನ ದಾನಗಳಲ್ಲಿ ಹೆಚ್ಚಿನವು ಚರ್ಚಿಗೆ, ದಾನಿಯ ಆತ್ಮಶಾಂತಿಯ ಪ್ರಾರ್ಥನೆಗೆ ಸಲ್ಲುತ್ತಿದ್ದವು. ನಾಲ್ಕು ಬಾರಿ ಮೇಯರ್ ಆಗಿದ್ದ ಬಟ್ಟೆ ವ್ಯಾಪಾರಿ ರಿಚರ್ಡ್ ವಿಟಿಂಗ್ಟನ್ 1423ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಅವನ ಆಸ್ತಿಯಿಂದಲೂ ಮೊದಲು ಪ್ರಾರ್ಥನೆಗಾಗಿ ಪಾದ್ರಿಗಳ ಒಂದು ನೆಲೆ ಎದ್ದಿತು. ಆದರೆ ಉಯಿಲು ನೆರವೇರಿಸಿದವರು, ಅವರಲ್ಲಿ ಮುಖ್ಯನಾದ ನಗರದ ಗುಮಾಸ್ತ ಜಾನ್ ಕಾರ್ಪೆಂಟರ್, ಅಷ್ಟಕ್ಕೇ ನಿಲ್ಲಲಿಲ್ಲ. ನ್ಯೂಗೇಟ್ ಸೆರೆಮನೆಯನ್ನು ಹೊಸದಾಗಿ ಕಟ್ಟಿಸಿದರು, ನಗರಾಡಳಿತದ ಭವನವಾದ ಗಿಲ್ಡ್‌ಹಾಲಿಗೆ ಗ್ರಂಥಾಲಯ ಒದಗಿಸಿದರು, 13 ಬಡವರಿಗೆ ವಸತಿಗೃಹ ಮಾಡಿ ಅದರ ಹೊಣೆಯನ್ನು ಮರ್ಸರ್ಸ್ ಕಂಪನಿ ಎಂಬ ವರ್ತಕರ ಸಂಘಕ್ಕೆ ಒಪ್ಪಿಸಿದರು. ಧರ್ಮಸುಧಾರಣೆಯ ಕಾಲದಲ್ಲಿ ಪಾದ್ರಿಗಳ ನೆಲೆ ಮುಚ್ಚಿಹೋಯಿತು. ವಸತಿಗೃಹ ಮಾತ್ರ ಜಾಗ ಬದಲಿಸಿ, ಈಗ ಸರ್ರೆಯಲ್ಲಿ, ಅದೇ ಸಂಘದ ಕೈಯಲ್ಲಿ ನಡೆಯುತ್ತಿದೆ. ಆರು ಶತಮಾನ ಇದನ್ನು ಉಳಿಸಿದ ಶ್ರೇಯಸ್ಸು ದಾನಿಗಿಂತ ಹೆಚ್ಚಾಗಿ ತಲೆಮಾರುಗಳುದ್ದಕ್ಕೂ ಅದನ್ನು ಕಾಯ್ದವರಿಗೆ ಸೇರಬೇಕು.

ದತ್ತಿಯನ್ನು ಕೆಡಿಸುವವರಿಗೆ ಕನ್ನಡ ನಾಡಿನ ಶಾಸನಗಳು ಪಾಪದ ಭಯ ತೋರಿಸಿದವು. ಇಂಗ್ಲೆಂಡ್ ಆಯುಕ್ತರನ್ನು ಕಳಿಸಿತು: ದತ್ತಿಯ ದುರುಪಯೋಗವನ್ನು ವಿಚಾರಿಸುವ ಅಧಿಕಾರ ಅವರಿಗೆ 1601ರ ಕಾಯ್ದೆಯಿಂದ ಬಂತು. ಆ ಕಾಯ್ದೆಯ ಪೀಠಿಕೆ ವೃದ್ಧರ ಪೋಷಣೆ, ಶಾಲೆ, ಸೇತುವೆ, ಬಡ ಹುಡುಗಿಯರ ಮದುವೆ ಮುಂತಾದ ಸತ್ಕಾರ್ಯಗಳನ್ನು ಹೆಸರಿಸುತ್ತದೆ. ಯಾವುದು ದತ್ತಿ ಎಂದು ತೀರ್ಮಾನಿಸಲು ನ್ಯಾಯಾಲಯಗಳು ಮುಂದೆ ಬಹುಕಾಲ ಅದನ್ನೇ ನೋಡುತ್ತಿದ್ದವು.

1724ರ ಕೊನೆಯಲ್ಲಿ ತೀರಿಕೊಂಡ ಪುಸ್ತಕ ವ್ಯಾಪಾರಿ ಥಾಮಸ್ ಗೈ ತನ್ನ ಆಸ್ತಿಯ ಬಹುಪಾಲನ್ನು ತಾನು ಕಟ್ಟಿಸುತ್ತಿದ್ದ ಆಸ್ಪತ್ರೆಗೆ ಬಿಟ್ಟ. ಗೈಸ್ ಆಸ್ಪತ್ರೆ ಇಂದಿಗೂ ಲಂಡನ್ ಬ್ರಿಜ್ ಬಳಿ ಇದೆ. ಅವನ ಹಣ ಹೆಚ್ಚಾಗಿ ಗುಲಾಮರ ವ್ಯಾಪಾರದಲ್ಲಿ ತೊಡಗಿದ್ದ ಸೌತ್ ಸೀ ಕಂಪನಿಯ ಷೇರುಗಳಿಂದ ಬಂದದ್ದು ಎಂಬುದನ್ನು ಮರೆಮಾಚುವಂತಿಲ್ಲ.

ಸಾವಿನ ಹಾಸಿಗೆಯಲ್ಲಿ ಮನ ಒಲಿಸಿ ಜಮೀನು ಬರೆಸಿಕೊಂಡರೆ ವಾರಸುದಾರರ ಗತಿಯೇನು ಎಂಬ ಆತಂಕ 1736ರ ಮಾರ್ಟ್‌ಮೇನ್ ಕಾಯ್ದೆಗೆ ದಾರಿಮಾಡಿತು. ಉಯಿಲಿನಲ್ಲಿ ದತ್ತಿಗೆ ಜಮೀನು ಬಿಡುವುದನ್ನು ಅದು ತಡೆಯಿತು. ಬದುಕಿದ್ದಾಗಲೇ ಕೊಡುವುದಾದರೆ ಸಾವಿಗೆ 12 ತಿಂಗಳು ಮೊದಲೇ ಪತ್ರವಾಗಬೇಕಿತ್ತು, ಆರು ತಿಂಗಳೊಳಗೆ ದಾಖಲಾಗಬೇಕಿತ್ತು. ಹಣಕ್ಕೆ ಇಂಥ ತಡೆ ಇರಲಿಲ್ಲ. 1891ರಲ್ಲಿ ಈ ಕಟ್ಟು ಸಡಿಲವಾಗಿ, 1960ರಲ್ಲಿ ಪೂರ್ತಿ ಹೋಯಿತು.

ಇದೇ ಜಾಡಿನ ನಿಯಮವೊಂದು ಭಾರತಕ್ಕೂ ಬಂದಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 118ನೆಯ ಕಲಮು ಹತ್ತಿರದ ಬಂಧುಗಳಿರುವ ಕ್ರೈಸ್ತರ ಉಯಿಲು ದಾನಗಳಿಗೆ ಅದೇ 12 ತಿಂಗಳ ಷರತ್ತು ಹಾಕಿತ್ತು. ಅದು ತಾರತಮ್ಯವೆಂದು ಸುಪ್ರೀಂ ಕೋರ್ಟು 2003ರಲ್ಲಿ ರದ್ದುಮಾಡಿತು.